ಆ ಬಟ್ಟಲು ಕೆಳಗಿಡು, ಮಗಾ

ನಾಯಿಮರಿ ತಂದಿದ್ದೀಯ, ಸಂತೋಷ. ಹೆಸರಿಟ್ಟಾಯ್ತು, ಫೋಟೋ ತೆಗೆದಾಯ್ತು, ಕತ್ತಿಗೆ ಕೆಂಪು ಪಟ್ಟಿಯೂ ಬಂತು. ಎಷ್ಟು ದಿನದ ಮರಿ ಅಂತ ಕೇಳಿದರೆ ಮಾತ್ರ ‘ಚಿಕ್ಕದು ಅಜ್ಜಿ’ ಅಂತೀಯ. ಚಿಕ್ಕದು ಅನ್ನೋದು ನನಗೂ ಕಾಣುತ್ತೆ ಮಾರಾಯ. ಎಷ್ಟು ಚಿಕ್ಕದು ಅನ್ನೋದನ್ನು ಹೇಳು. ಮೂರು ವಾರದ ಮರಿಗೆ ಕೊಡುವುದೇ ಬೇರೆ, ಎರಡು ತಿಂಗಳಿನದಕ್ಕೆ ಕೊಡುವುದೇ ಬೇರೆ. ಭೇದಿ ಶುರುವಾದರೆ ಎಷ್ಟು ಹೊತ್ತು ಕಾಯಬಹುದು ಅನ್ನುವುದಂತೂ ಪೂರ್ತಿ ಬೇರೆ.

ಮೆಲ್ಲಗೆ ಬಾಯಿ ಬಿಡಿಸಿ ನೋಡು. ಮರಿ ಕಣ್ಣು ಬಿಡುವುದು 10ರಿಂದ 14ನೇ ದಿನದೊಳಗೆ. ಹಾಲುಹಲ್ಲಿನ ಮೊನೆ ಕಾಣುವುದು ಮೂರನೇ ವಾರ ದಾಟಿದ ಮೇಲೆ. ಬೆರಳಿಗೆ ಬರೀ ಒಸಡು ಸಿಕ್ಕಿತೋ, ಅದಿನ್ನೂ ಮೊಲೆ ಬಿಡದ ಕೂಸು. ರಸ್ತೆ ಬದಿಯಲ್ಲಿ ಒಂಟಿ ಮರಿ ಕಂಡ ಕೂಡಲೇ ‘ಅಯ್ಯೋ ಅನಾಥ’ ಅಂತ ಎತ್ತಿಕೊಂಡು ಬರುವುದು ನಿಮ್ಮ ವಯಸ್ಸಿನವರ ಚಾಳಿ. ತಾಯಿ ಹೋಟೆಲಿನ ಹಿಂದೆ ಎಂಜಲು ಹುಡುಕಲು ಹೋಗಿರುತ್ತೆ. ದೂರ ನಿಂತು ಸ್ವಲ್ಪ ಹೊತ್ತು ಕಾದರೆ ಬಂದೇ ಬರುತ್ತೆ. ಈಗಲೂ ಆ ಜಾಗ ನೆನಪಿದ್ದರೆ ಹೋಗಿ ನೋಡು, ತಾಯಿ ಸಿಕ್ಕಿದರೆ ಅದರ ಮಡಿಲಿಗೇ ಬಿಡು. ಇನ್ನು ದುಡ್ಡು ಕೊಟ್ಟು ತಂದದ್ದಾದರೆ, 8 ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ ಅಂತ 2017ರ ಕೇಂದ್ರದ ನಿಯಮವೇ ಇದೆ. ತಾಯಿಯನ್ನು ಬೇಗ ಬಿಟ್ಟ ಮರಿಗೆ ಮೊದಲು ಕೆಡುವುದೇ ಹೊಟ್ಟೆ.

ಸರಿ, ಈಗ ಕೈಯಲ್ಲಿರುವ ಆ ಹಾಲಿನ ಬಟ್ಟಲು ಕೆಳಗಿಡು. ನಿನ್ನೆಯಿಂದ ಹಸುವಿನ ಹಾಲು ಕುಡಿಸುತ್ತಿದ್ದೀಯ, ಇವತ್ತು ನೀರುನೀರಾಗಿ ಹೋಗುತ್ತಿದೆ. ಎರಡಕ್ಕೂ ಸಂಬಂಧ ಇದೆ. ಹಸುವಿನ ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನುವ ಸಕ್ಕರೆ ನಾಯಿ ಹಾಲಿಗಿಂತ ಜಾಸ್ತಿ. ಅರಗದೆ ಉಳಿದ ಆ ಸಕ್ಕರೆ ಮೈಯ ನೀರನ್ನೇ ಕರುಳಿಗೆ ಎಳೆದುಕೊಂಡು ಹೊರಗೆ ಹೋಗುತ್ತೆ. ‘ನೀರು ಬೆರೆಸಿ ಕೊಡಿ, ಏನೂ ಆಗಲ್ಲ’ ಅನ್ನುವವರು ಬೀದಿಗೊಬ್ಬರು ಸಿಗುತ್ತಾರೆ. ನಾಯಿ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಎರಡೂ ಹಸುವಿನ ಹಾಲಿನ ದುಪ್ಪಟ್ಟು ಇರುತ್ತೆ. ಮೊದಲೇ ಸಾಲದ್ದಕ್ಕೆ ನೀರು ಹೊಯ್ದರೆ ಮರಿ ಹೊಟ್ಟೆ ತುಂಬಿಯೂ ಸೊರಗುತ್ತೆ. ನಾಯಿಮರಿಗೆಂದೇ ಮಾಡಿದ ಹಾಲಿನ ಪುಡಿ ಸಿಗುತ್ತೆ, ಅದನ್ನು ತಾ. ಡಬ್ಬದ ಮೇಲೆ ಬರೆದ ಅಳತೆಯಲ್ಲೇ ಕಲಸು. ‘ಒಂದು ಚಮಚ ಜಾಸ್ತಿ ಹಾಕಿದರೆ ಬೇಗ ಬೆಳೆಯುತ್ತೆ’ ಅನ್ನುವ ಜಾಣತನ ಬೇಡ. ಗಟ್ಟಿ ಹಾಲಿಗೂ ಹೊಟ್ಟೆ ಕೆಡುತ್ತೆ.

ಹಾಲು ಕುಡಿಸುವುದಕ್ಕೂ ಮುಂಚೆ ಮರಿಯ ಮೈ ಮುಟ್ಟಿ ನೋಡು. ತಣ್ಣಗಿದೆಯಾ? ಹಾಗಾದರೆ ಯಾವ ಹಾಲೂ ಬೇಡ. ಇದೊಂದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ, ಕೇಳಿದವರು ಕಡಿಮೆ. ಮರಿ ಮಂಕಾಗಿ ಮಲಗಿದೆ, ಹಸಿದಿರಬೇಕು ಅಂತ ಎಲ್ಲರೂ ಮೊದಲು ಬಾಯಿಗೇ ಕೈ ಹಾಕುತ್ತಾರೆ. ಮೂರು ನಾಲ್ಕು ವಾರದವರೆಗೆ ಮರಿಗೆ ತನ್ನ ಮೈಕಾವನ್ನು ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ. ದೊಡ್ಡ ನಾಯಿಯ ಮೈ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ, ಹುಟ್ಟಿದ ಮೊದಲ ವಾರದ ಮರಿಯದು 95ರಿಂದ 98ರ ಆಸುಪಾಸು. ಅದೂ ಇಳಿದುಹೋದರೆ ಕರುಳು ಕೆಲಸ ನಿಲ್ಲಿಸಿಬಿಡುತ್ತೆ. ಒಳಗೆ ಬಿದ್ದ ಹಾಲು ಮುಂದೆ ಹೋಗದೆ ಹೊಟ್ಟೆ ಉಬ್ಬುತ್ತೆ, ವಾಪಸ್ ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತೆ. ನಮ್ಮಲ್ಲಿ ಬೀದಿನಾಯಿ ಮರಿ ಹಾಕುವುದು ಹೆಚ್ಚಾಗಿ ಮಳೆ ಮುಗಿದು ಚಳಿ ಕಾಲಿಡುವ ಹೊತ್ತಿಗೆ. ಹಾಗಾಗಿ ಭೇದಿಗಿಂತ ಮುಂಚೆ ಚಳಿಯೇ ಮರಿಗಳನ್ನು ಕೊಲ್ಲುವುದುಂಟು.

ಬಾಟಲಿಗೆ ಬಿಸಿನೀರು ತುಂಬಿ, ಹಳೇ ಪಂಚೆಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯ ಒಂದು ಮೂಲೆಗೆ ಮಾತ್ರ ಇಡು. ಸೆಕೆಯಾದರೆ ಸರಿದುಕೊಳ್ಳಲು ಉಳಿದ ಜಾಗ ಖಾಲಿ ಇರಲಿ. ಒಲೆ ಪಕ್ಕ ಮಲಗಿಸುವುದು, ಹೇರ್ ಡ್ರೈಯರ್ ಹಿಡಿಯುವುದು ಮಾಡಬೇಡ. ಕಾವು ನಿಧಾನಕ್ಕೆ, ಒಂದೆರಡು ಗಂಟೆಯಲ್ಲಿ ಏರಬೇಕು. ಮೈ ಬೆಚ್ಚಗಾಗಿ, ಮರಿ ತಾನಾಗಿ ಮೂತಿ ಎತ್ತಿ ಹುಡುಕತೊಡಗಿದ ಮೇಲೆ ಹಾಲು.

ಕುಡಿಸುವ ರೀತಿಯೂ ನಿನಗೆ ಗೊತ್ತಿಲ್ಲ ಅಂತ ಕಾಣುತ್ತೆ. ಮಗುವಿನ ಹಾಗೆ ಅಂಗಾತ ಮಲಗಿಸಿ ಬಾಯಿಗೆ ಸಿರಿಂಜು ಒತ್ತುವುದಲ್ಲ. ಮರಿ ಬೋರಲಾಗಿರಬೇಕು, ತಲೆ ಸ್ವಲ್ಪ ಮೇಲಿರಬೇಕು, ತಾಯಿ ಹತ್ತಿರ ಕುಡಿಯುವ ಭಂಗಿ ಅದೇ. ಅದು ಚೀಪಲಿ, ನೀನು ಒತ್ತಬೇಡ. ಮೂಗಿನಿಂದ ಹಾಲು ಬಂತೋ, ಅಲ್ಲಿಗೆ ನಿಲ್ಲಿಸು. ಮೂರು ವಾರದೊಳಗಿನ ಮರಿ ತಾನಾಗಿ ಉಚ್ಚೆ, ಕಕ್ಕ ಮಾಡುವುದಿಲ್ಲ. ತಾಯಿ ನೆಕ್ಕಿ ನೆಕ್ಕಿ ಮಾಡಿಸುತ್ತೆ. ತಾಯಿ ಇಲ್ಲದಿದ್ದರೆ ಆ ಕೆಲಸ ನಿನ್ನದು: ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ, ಪ್ರತಿ ಸಲ ಕುಡಿಸಿದ ಮೇಲೂ ಮೆಲ್ಲಗೆ ಸವರು. ಮುಖ ಕಿವುಚಬೇಡ, ನಿನಗೂ ಯಾರೋ ಇದನ್ನೆಲ್ಲ ಮಾಡಿದವರೇ.

ಹೇಸಿಗೆ ಅಂತ ಮೂಗು ಮುಚ್ಚಿಕೊಳ್ಳುವವರಿಗೆ ಮರಿ ಸಾಕುವ ಯೋಗ್ಯತೆ ಇಲ್ಲ. ಮರಿ ಏನು ಹೇಳಬೇಕೋ ಅದನ್ನೆಲ್ಲ ಹಿಂದಿನಿಂದಲೇ ಹೇಳುತ್ತೆ. ಬಗ್ಗಿ ನೋಡು. ಮೆತ್ತಗೆ, ಹಳದಿಯಾಗಿ, ಆಕಾರ ಇದ್ದರೆ ಚಿಂತೆಯಿಲ್ಲ. ಮೊಸರು ಒಡೆದಂತೆ ಬಿಳಿ ಗರಣೆ ಕಂಡರೆ ನೀನು ಅತಿಯಾಗಿ ಕುಡಿಸಿದ್ದೀಯ. ಕಪ್ಪಾಗಿ ಅಂಟಂಟಾಗಿದ್ದರೆ ಒಳಗೆಲ್ಲೋ ರಕ್ತ ಸೋರುತ್ತಿದೆ. ಕೆಂಪು ನೀರಿನ ಹಾಗೆ ಹೋಗಿ, ಕೋಣೆಯಲ್ಲಿ ನಿಲ್ಲಲಾರದಷ್ಟು ನಾತ ಬಂದರೆ ಈ ಬರಹ ಓದುತ್ತಾ ಕೂರಬೇಡ, ಮರಿಯನ್ನು ಎತ್ತಿಕೊಂಡು ನಡೆ.

ಒಸಡನ್ನೂ ನೋಡುವ ಅಭ್ಯಾಸ ಮಾಡಿಕೋ. ತುಟಿ ಎತ್ತಿ ಬೆರಳಾಡಿಸಿದರೆ ಜಾರುವಂತೆ ಒದ್ದೆಯಾಗಿರಬೇಕು, ಬಣ್ಣ ಗುಲಾಬಿ ಇರಬೇಕು. ಬೆರಳಿಗೆ ಅಂಟಿದರೆ ಮೈಯಲ್ಲಿ ನೀರಿಲ್ಲ. ಬಿಳಿಚಿಕೊಂಡಿದ್ದರೆ ರಕ್ತವಿಲ್ಲ, ಅಂದರೆ ಕೊಕ್ಕೆಹುಳು ಕೂತು ಹೀರುತ್ತಿದೆ ಅಂತ ಅನುಮಾನ ಪಡಬೇಕು.

ಹುಳ ಅಂದಾಗ ನೆನಪಾಯ್ತು. ‘ಮನೆಯೊಳಗೇ ಇದೆ ಅಜ್ಜಿ, ಮಣ್ಣು ತಿಂದಿಲ್ಲ, ಹುಳ ಎಲ್ಲಿಂದ ಬರುತ್ತೆ?’ ಅಂತ ವಾದ ಮಾಡ್ತೀಯ. ಅದು ಹುಟ್ಟುವಾಗಲೇ ಹೊತ್ತು ತಂದಿರುತ್ತೆ. ದುಂಡುಹುಳದ ಮರಿಗಳು ತಾಯಿಯ ಗರ್ಭದಲ್ಲೇ ದಾಟಿ ಬರುತ್ತವೆ, ಕೊಕ್ಕೆಹುಳುವಿನವು ಹಾಲಿನಲ್ಲಿ ಬರುತ್ತವೆ. ಮೈ ಎಲ್ಲ ಮೂಳೆ, ಹೊಟ್ಟೆ ಮಾತ್ರ ಡೊಳ್ಳು ಇರುವ ಮರಿಯನ್ನು ನೋಡಿ ‘ಎಷ್ಟು ಗುಂಡಗಿದೆ’ ಅಂತ ಮುದ್ದು ಮಾಡುವವರನ್ನು ಕಂಡಿದ್ದೇನೆ. ಅದರೊಳಗೆ ಬೇಯಿಸಿದ ಶಾವಿಗೆಯ ಹಾಗೆ ಹುಳಗಳು ಸುತ್ತಿಕೊಂಡಿರುತ್ತವೆ. ಎರಡನೇ ವಾರದಿಂದ ಶುರುಮಾಡಿ, ಎರಡೆರಡು ವಾರಕ್ಕೊಮ್ಮೆ, 8 ವಾರ ತುಂಬುವವರೆಗೂ ಹುಳದ ಔಷಧಿ ಕೊಡಬೇಕು. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಅಳತೆ ಮರಿಯ ತೂಕದ ಮೇಲೆ, ಅದನ್ನು ಹೇಳುವವರು ಡಾಕ್ಟರು, ಅಂಗಡಿಯ ಹುಡುಗನಲ್ಲ. ಆ ದುಂಡುಹುಳ ಮನುಷ್ಯರ ಮಕ್ಕಳನ್ನೂ ಬಿಡುವುದಿಲ್ಲ. ಮರಿಯ ಗಲೀಜು ಆಗಿಂದಾಗ್ಗೆ ತೆಗೆ. ನಿನ್ನ ಅಕ್ಕನ ಮಗಳು ಮರಿ ಮುಟ್ಟಿದ ಕೈಯಲ್ಲೇ ಚಕ್ಕುಲಿ ತಿನ್ನದ ಹಾಗೆ ನೋಡಿಕೋ.

ಇನ್ನು ಮನೆಮದ್ದು. ನಮ್ಮ ಊರಿನಲ್ಲಿ ಹೊಟ್ಟೆಗೆ ಮದ್ದು ಹೇಳದವರು ಯಾರಿದ್ದಾರೆ? ಒಬ್ಬರು ಇಂಗು ಅನ್ನುತ್ತಾರೆ, ಇನ್ನೊಬ್ಬರು ಬೆಳ್ಳುಳ್ಳಿ ರಸ, ಮತ್ತೊಬ್ಬರು ತಮ್ಮ ಬಿ.ಪಿ. ಮಾತ್ರೆಯ ಡಬ್ಬಿಯಲ್ಲೇ ಹುಡುಕಿ ಏನೋ ಅರ್ಧ ಮುರಿದು ಕೊಡುತ್ತಾರೆ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ರಕ್ತಕಣವನ್ನೇ ಒಡೆಯುತ್ತವೆ. ದ್ರಾಕ್ಷಿ, ಚಾಕೊಲೇಟು ವಿಷ. ನಾವು ನುಂಗುವ ಜ್ವರದ ಮಾತ್ರೆ, ನೋವಿನ ಮಾತ್ರೆ, ಭೇದಿ ನಿಲ್ಲಿಸುವ ಮಾತ್ರೆ ಯಾವುದನ್ನೂ ಅಷ್ಟು ಸಣ್ಣ ಜೀವಕ್ಕೆ ಹಾಕಬೇಡ. ಮೊಸರನ್ನ ಸರ್ವರೋಗಕ್ಕೂ ಮದ್ದು ಅಂತ ನಾನೂ ನಂಬಿದವಳೇ, ಆದರೆ ಅದು ನನ್ನ ಹೊಟ್ಟೆಗೆ. ಹಲ್ಲು ಬಾರದ ಮರಿಯ ಮೇಲೆ ಆ ನಂಬಿಕೆ ಹೇರಬೇಡ.

ಮನೆಯಲ್ಲಿ ನೀನು ಮಾಡಬಹುದಾದದ್ದು ನೀರಿನ ಕೆಲಸ. ಮರಿ ವಾಂತಿ ಮಾಡುತ್ತಿಲ್ಲ, ಚೆನ್ನಾಗಿ ನುಂಗುತ್ತಿದೆ ಅಂದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಹೇಳಿದಷ್ಟೇ ನೀರಿಗೆ ಹಾಕಿ, ಕೈಗೆ ಬೆಚ್ಚಗನಿಸುವಷ್ಟು ಮಾಡಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕೊಡು. ಸಣ್ಣ ಮರಿಗೆ ಹನಿಗಳಲ್ಲಿ, ಎರಡು ತಿಂಗಳಿನದಕ್ಕೆ ಚಮಚದಲ್ಲಿ. ಕಲಸಿದ್ದು ಮಾರನೇ ದಿನಕ್ಕೆ ಬೇಡ, ಚೆಲ್ಲು. ದೊಡ್ಡ ನಾಯಿಗೆ ಭೇದಿಯಾದರೆ ಒಂದು ಹೊತ್ತು ಉಪವಾಸ ಹಾಕುವುದುಂಟು. ಆ ಉಪಾಯವನ್ನು ಮರಿಯ ಮೇಲೆ ಮಾಡಬೇಡ. ಅದರ ಮೈಯಲ್ಲಿ ಸಕ್ಕರೆಯ ದಾಸ್ತಾನು ಇರುವುದೇ ಇಲ್ಲ. ಹೊತ್ತು ತಪ್ಪಿದರೆ ನಡುಗಿ, ತೂರಾಡಿ ಬೀಳುತ್ತೆ. ಹಾಗೇನಾದರೂ ಆದರೆ ಗ್ಲೂಕೋಸ್ ನೀರನ್ನು ಬೆರಳಲ್ಲಿ ಒಸಡಿಗೆ ಸವರಿಕೊಂಡೇ ಆಟೋ ಹತ್ತು.

ಎಷ್ಟು ಹೊತ್ತು ಕಾಯಬೇಕು ಅಂತ ಕೇಳ್ತೀಯ. ಆರು ವಾರದೊಳಗಿನ ಮರಿ ನೀರುನೀರಾಗಿ ಎರಡು ಸಲ ಹೋದರೆ ಅವತ್ತೇ ಡಾಕ್ಟರು. ‘ಬೆಳಿಗ್ಗೆ ನೋಡೋಣ’ ಅನ್ನುವ ಮಾತು ನಿನ್ನ ಪರೀಕ್ಷೆ ಓದಿಗೆ ಸರಿ. ದೊಡ್ಡ ಮರಿಯಾದರೂ ವಾಂತಿ, ರಕ್ತ, ಊಟ ಬಿಡುವುದು, ಕರೆದರೆ ಏಳದಿರುವುದು, ಇದರಲ್ಲಿ ಒಂದು ಕಂಡರೂ ಸಾಕು. ಪಾರ್ವೊ ಅನ್ನುವುದೊಂದಿದೆ. 1978ರಲ್ಲಿ ಮೊದಲು ಗುರುತು ಸಿಕ್ಕ ವೈರಸ್ಸು, ಒಂದೆರಡು ವರ್ಷದಲ್ಲಿ ಲೋಕವೆಲ್ಲ ಸುತ್ತಿಬಂತು. ಅದು ಕರುಳಿನ ಒಳಪೊರೆಯನ್ನೇ ಕಿತ್ತುಹಾಕುತ್ತೆ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಹೆಚ್ಚಿನ ಮರಿಗಳು ಕೆಲವೇ ದಿನದಲ್ಲಿ ಹೋಗುತ್ತವೆ, ಬೇಗ ಡ್ರಿಪ್ಪು ಹಾಕಿಸಿದರೆ ಹೆಚ್ಚಿನವು ಉಳಿಯುತ್ತವೆ. ಲಸಿಕೆ ಆರರಿಂದ ಎಂಟನೇ ವಾರದಲ್ಲಿ ಶುರುವಾಗಿ, ಮೂರು ನಾಲ್ಕು ವಾರಕ್ಕೊಂದರಂತೆ 16 ವಾರದವರೆಗೂ ಹಾಕಿಸಬೇಕು. ತಾಯಿಯಿಂದ ಬಂದ ರಕ್ಷಣೆ ಲಸಿಕೆಗೇ ಅಡ್ಡ ಬರುತ್ತೆ, ಅದಕ್ಕೇ ಮತ್ತೆ ಮತ್ತೆ ಚುಚ್ಚುವುದು. ಒಂದು ಸೂಜಿ ಆದ ಕೂಡಲೇ ಮರಿಯನ್ನು ಪಾರ್ಕಿಗೆ ಕರೆದುಕೊಂಡು ಹೋಗಿ ಮೆರೆಸಬೇಡ. ಆ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತೆ, ನಿನ್ನ ಚಪ್ಪಲಿಯಲ್ಲೇ ಮನೆಗೂ ಬರುತ್ತೆ. ಫಿನಾಯಿಲು ಸುರಿದು ನೆಮ್ಮದಿಯಾಗಿರಬೇಡ. ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಸೇರಿಸಿ ನೆಲ ಒರೆಸು, ಮರಿಯನ್ನು ಅಲ್ಲಿಂದ ದೂರ ಇಟ್ಟು.

ಮರಿ ಚೇತರಿಸಿಕೊಂಡ ಮೇಲೆ ನಿನ್ನ ನಿಜವಾದ ಪರೀಕ್ಷೆ. ಹಸಿವು ತಿರುಗಿ ಬಂದಿರುತ್ತೆ, ಬಾಲ ಅಲ್ಲಾಡಿಸುತ್ತೆ, ನಿನ್ನ ಕರುಳು ಚುರ್ ಅನ್ನುತ್ತೆ, ತಟ್ಟೆ ತುಂಬ ಬಡಿಸಿಬಿಡ್ತೀಯ. ಮಾರನೇ ದಿನ ಮತ್ತೆ ಅದೇ ಕಥೆ. ಊಟ ಹಿಡಿದ ಮರಿಯಾದರೆ ಚರ್ಮ, ಮೂಳೆ ತೆಗೆದು ಬೇಯಿಸಿದ ಕೋಳಿಯನ್ನು ಮೆತ್ತಗಿನ ಅನ್ನದ ಜೊತೆ ಹಿಚುಕಿ, ಉಪ್ಪು ಖಾರ ಒಗ್ಗರಣೆ ಏನೂ ಇಲ್ಲದೆ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಡು. ‘ನಮ್ಮದು ಸಸ್ಯಾಹಾರದ ಮನೆ’ ಅಂತೀಯಾ? ಆ ವ್ರತ ಮರಿ ಹಿಡಿದಿಲ್ಲ. ಕೋಳಿ ಒಗ್ಗದಿದ್ದರೆ ಮರಿಗಳ ಸಿದ್ಧ ಆಹಾರವನ್ನು ಬಿಸಿನೀರಿನಲ್ಲಿ ನೆನೆಸಿ ಕೊಡು. ಒಂದು ಊಟದಿಂದ ಇನ್ನೊಂದಕ್ಕೆ ಬದಲಿಸುವುದಾದರೆ ವಾರ ತಗೊಂಡು, ಹಳೆಯದು ಕಡಿಮೆ ಮಾಡುತ್ತಾ ಹೊಸದು ಸೇರಿಸುತ್ತಾ ಹೋಗು.

ಕೊನೆಗೆ ಮನೆಮಂದಿಯನ್ನು ಕೂರಿಸಿಕೊಂಡು ಒಂದು ಮಾತು ಆಡಬೇಕು. ಅಪ್ಪ ಗ್ಲೂಕೋಸ್ ಬಿಸ್ಕತ್ತು, ಅಮ್ಮ ಗಂಜಿ, ತಮ್ಮ ಐಸ್‌ಕ್ರೀಮಿನ ಕಪ್ಪು, ಕೆಲಸಕ್ಕೆ ಬರುವವರು ಚಹಾದಲ್ಲಿ ಅದ್ದಿದ ಬ್ರೆಡ್ಡು. ಪ್ರತಿಯೊಬ್ಬರೂ ‘ನಾನು ಚೂರೇ ಕೊಟ್ಟೆ’ ಅನ್ನುತ್ತಾರೆ. ಮರಿಗೆ ಊಟ ಕೊಡುವುದು ಒಬ್ಬರ ಕೈಯಲ್ಲೇ ಇರಲಿ. ಯಾವ ಹೊತ್ತಿಗೆ ಏನು ಕೊಟ್ಟೆ, ಎಷ್ಟು ಸಲ ಹೋಯಿತು, ಹೇಗೆ ಹೋಯಿತು ಅಂತ ಅಡುಗೆಮನೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆ. ದಿನಾ ಒಂದೇ ಹೊತ್ತಿಗೆ ಅಡುಗೆಮನೆ ತಕ್ಕಡಿಯಲ್ಲಿ ಮರಿಯನ್ನು ತೂಗು. ಹಾಲು ಕುಡಿಯುವ ಮರಿಯ ತೂಕ ದಿನದಿನಕ್ಕೂ ಏರಬೇಕು. ಇವತ್ತು ನಿನ್ನೆಗಿಂತ ಕಡಿಮೆ ತೂಗಿದರೆ ಏನೋ ಎಡವಟ್ಟಾಗಿದೆ ಅಂತಲೇ ಲೆಕ್ಕ, ಅದು ಎಷ್ಟೇ ಆಟವಾಡುತ್ತಿರಲಿ.

ಈಗ ಫೋನು ಕೈಯಲ್ಲೇ ಇದೆಯಲ್ಲ, ಪಶು ಆಸ್ಪತ್ರೆ ಎಷ್ಟು ಹೊತ್ತಿಗೆ ತೆರೆಯುತ್ತೆ, ರಾತ್ರಿಯಾದರೆ ಯಾರು ನೋಡುತ್ತಾರೆ ಅಂತ ಕೇಳಿ ಇಟ್ಟುಕೋ. ಹೋಗುವಾಗ ಮರಿಯ ಮಲವನ್ನು ಒಂದು ಸಣ್ಣ ಡಬ್ಬಿಯಲ್ಲಿ ತಾಜಾ ಇರುವಾಗಲೇ ತೆಗೆದುಕೊಂಡು ಹೋಗು, ಬರೆದಿಟ್ಟ ಆ ಕ್ಯಾಲೆಂಡರಿನ ಹಾಳೆಯನ್ನೂ ಮರೆಯಬೇಡ. ಡಾಕ್ಟರು ಮೊದಲು ಕೇಳುವುದು ಅವೆರಡನ್ನೇ.