ಶೇಂಗಾ ಕಾಳು ಮಕ್ಕಳ ಕೈಗೆ ಕೊಡಿ

ಮೇಷ್ಟ್ರೇ, ಮೇಡಂ, ಬಿ.ಜಿ. ಕೆರೆಯಂಥ ಊರಿನ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಶೇಂಗಾವೇ ಸಾಕು.

ರಾತ್ರಿ ನೆನೆಸಿದ ಕಾಳನ್ನು ಪ್ರತಿ ಮಗುವೂ ಉಗುರಿನಿಂದ ಬಿಡಿಸಲಿ: ತೆಳು ಸಿಪ್ಪೆ, ಎರಡು ಬೇಳೆ, ತುದಿಯಲ್ಲಿ ಪುಟ್ಟ ಮೊಳಕೆ. ಬಳಿಕ ನೆನೆಸಿದ, ಬಿಡಿಸದ 10 ಕಾಳು ಒದ್ದೆ ಬಟ್ಟೆಯಲ್ಲಿ, ನೆನೆಸದ 10 ಕಾಳು ಒಣ ಬಟ್ಟೆಯಲ್ಲಿ ಇಡಿಸಿ. ನೀರೊಂದು ಬಿಟ್ಟು ಮಿಕ್ಕಿದ್ದೆಲ್ಲ ಒಂದೇ ಇರಲಿ. ಆಗಲೇ ಕಾರಣ ತಿಳಿಯುವುದು. ಔಷಧ ಸವರಿದ ಬಿತ್ತನೆ ಬೀಜ ಮಾತ್ರ ಬೇಡ.

ಏನಾಗಬಹುದೆಂದು ಮೊದಲೇ ಬರೆಸಿ, ದಿನವೂ ಚಿತ್ರ ಬಿಡಿಸಲಿ. ಒದ್ದೆ ಬಟ್ಟೆಯಲ್ಲೂ ಕೆಲವು ಮೊಳೆಯದಿದ್ದರೆ ಉತ್ತರ ಹೇಳಿಬಿಡಬೇಡಿ, ‘ಯಾಕಿರಬಹುದು?’ ಎಂದು ಕೇಳಿ. ಬಿತ್ತನೆಗೆ ಮುಂಚೆ ಬೀಜದ ಮೊಳಕೆ ನೋಡುವ ರೈತರನ್ನೂ ತರಗತಿಗೆ ಕರೆಯಿರಿ; ಮಕ್ಕಳು ಅವರನ್ನೇ ವಿಚಾರಿಸಲಿ.