ಬಾಚಿಹಲ್ಲಿನ ಹಿಂದೆ ಮೂಡಿದ ಕೊಕ್ಕೆ

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ 8 ವರ್ಷ. ಹೊಸದಾಗಿ ಬಂದ ಮೇಲಿನ ಬಾಚಿಹಲ್ಲೊಂದರ ಹಿಂಬದಿಯಲ್ಲಿ ಕೊಕ್ಕೆಯಂಥದ್ದು ಎದ್ದಿದೆ. ನಾಲಿಗೆಗೆ ಚುಚ್ಚುತ್ತದೆ, ಕಚ್ಚಿದರೆ ಕೆಳಹಲ್ಲಿಗೆ ತಗಲುತ್ತದೆ. ನಮ್ಮತ್ತೆ ಕೀಳಿಸಿಬಿಡು ಅನ್ನುತ್ತಾರೆ. ಒಂದೇ ದಿನದಲ್ಲಿ ಉಜ್ಜಿ ತೆಗೆದು ರೂಟ್ ಕೆನಾಲ್ ಮಾಡಿಸಿದರಾಯಿತು ಎಂದೂ ಕೆಲವರು ಹೇಳುತ್ತಾರೆ. ನಾನು ಗರ್ಭಿಣಿಯಾಗಿದ್ದಾಗ ಸರಿಯಾಗಿ ಊಟ ಮಾಡದ್ದರಿಂದ ಹೀಗಾಯಿತೇ?
— ಒಬ್ಬ ತಾಯಿ, ಅಯನಾವರಂ, ಚೆನ್ನೈ

ಉತ್ತರ: ಇಲ್ಲಮ್ಮ, ನಿಮ್ಮ ಊಟದಿಂದ ಆದದ್ದಲ್ಲ. ದವಡೆಯೊಳಗೆ ಹಲ್ಲು ಆಕಾರ ಪಡೆಯುವಾಗಲೇ ಆದ ವ್ಯತ್ಯಾಸ ಇದು. ನಿಮ್ಮ ವಿವರಣೆ ನೋಡಿದರೆ ಇದು ಟ್ಯಾಲನ್ ಕಸ್ಪ್ ಎಂಬ ಹೆಚ್ಚುವರಿ ಮೊನೆ ಇರಬೇಕು.

ಕೀಳಿಸಲೇಬೇಡಿ. ಶಾಶ್ವತ ಹಲ್ಲು ಮತ್ತೆ ಬರುವುದಿಲ್ಲ. ಒಂದೇ ದಿನಕ್ಕೆ ಉಜ್ಜಿಸುವುದೂ ಬೇಡ. ಕೊಕ್ಕೆಯೊಳಕ್ಕೂ ಹಲ್ಲಿನ ತಿರುಳು ಚಾಚಿರಬಹುದು. ಎಕ್ಸ್‌ರೇಯಲ್ಲಿ ಕೊಕ್ಕೆಯ ನೆರಳು ಹಲ್ಲಿನ ಮೇಲೇ ಬೀಳುವುದರಿಂದ ಅದು ಸ್ಪಷ್ಟವಾಗಿ ಕಾಣದು. ಬಾಚಿಹಲ್ಲು ಹೊರಬಂದು ಸುಮಾರು 3 ವರ್ಷವಾಗುವವರೆಗೆ ಬೇರಿನ ತುದಿ ತೆರೆದೇ ಇರುತ್ತದೆ. ಈಗ ತಿರುಳು ಸತ್ತರೆ ಬೇರು ಮೋಟಾಗಿ, ಗೋಡೆ ತೆಳುವಾಗಿ ಉಳಿದು, ಮುಂದೊಂದು ದಿನ ಆಟವಾಡುವಾಗ ಬಿದ್ದರೂ ಹಲ್ಲು ಮುರಿದೀತು. ಜೀವಂತ ತಿರುಳೇ ಬೇರನ್ನು ಬೆಳೆಸುವುದು. ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಹಾಗಾಗಿ ಆರರಿಂದ ಎಂಟು ವಾರಕ್ಕೊಮ್ಮೆ, ಒಂದು ಮಿಲಿಮೀಟರಿಗೂ ಕಡಿಮೆ ಉಜ್ಜಿ, ಪ್ರತಿಸಲ ಫ್ಲೋರೈಡ್ ವಾರ್ನಿಷ್ ಹಚ್ಚುತ್ತಾರೆ. ಆ ಬಿಡುವಿನಲ್ಲಿ ತಿರುಳು ಒಳಗಿನಿಂದ ಹೊಸ ಡೆಂಟಿನ್ ಪದರ ಕಟ್ಟಿಕೊಂಡು ಹಿಂದೆ ಸರಿಯುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಆದರೂ ತಪ್ಪಿಸಬೇಡಿ. ಅಕಸ್ಮಾತ್ ತಿರುಳು ಇಣುಕಿದರೂ ಆ ಭಾಗವನ್ನಷ್ಟೇ ತೆಗೆದು ಎಂಟಿಎ ಎಂಬ ಔಷಧೀಯ ಸಿಮೆಂಟಿನಿಂದ ಮುಚ್ಚಿ ಉಳಿದದ್ದನ್ನು ಬದುಕಿಸಬಹುದು.

ಕೊಕ್ಕೆಯ ಇಕ್ಕೆಲಗಳ ಸೀಳಿನಲ್ಲಿ ಅನ್ನದ ಚೂರು ಸಿಕ್ಕಿ ಹುಳುಕು ಹಿಡಿಯುತ್ತದೆ. ಮೊದಲು ಅದಕ್ಕೆ ಸೀಲಂಟ್ ಹಾಕಿಸಿ. ಕಚ್ಚುವಾಗ ಕೊಕ್ಕೆ ತಗಲದಿದ್ದವರಿಗೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಪಕ್ಕದ ಹಲ್ಲುಗಳನ್ನೂ ಪರೀಕ್ಷಿಸಲು ಕೇಳಿ. ಅವು ಕಡ್ಡಿಯಂತೆ ಸಣ್ಣಗಿದ್ದರೆ ಕಾಂಪೋಸಿಟ್‌ನಿಂದ ತುಂಬಿ ಆಕಾರ ಕೊಡಬಹುದು. ಪಿಂಗಾಣಿ ಕವಚಕ್ಕೆ ಬೆಳವಣಿಗೆ ಮುಗಿಯುವವರೆಗೆ ಕಾಯಬೇಕು.

ಹಲ್ಲು ಬೂದುಬಣ್ಣಕ್ಕೆ ತಿರುಗಿದರೆ, ವಸಡಿನಲ್ಲಿ ಕೀವಿನ ಗುಳ್ಳೆ ಎದ್ದರೆ ಅಥವಾ ಮುಖ ಊದಿಕೊಂಡರೆ ಮುಂದಿನ ಸರದಿಗೆ ಕಾಯದೆ ಅಂದೇ ತೋರಿಸಿ.

ಮಕ್ಕಳ ದಂತವೈದ್ಯರ ಬಳಿಯೇ ಹೋಗಿ. ನಿಮ್ಮ ಊರಿನಲ್ಲಿ ಕೋಟೆ ರೈಲು ನಿಲ್ದಾಣದ ಹತ್ತಿರದ ತಮಿಳುನಾಡು ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಅದಕ್ಕೆಂದೇ ವಿಭಾಗವಿದೆ. ಹಳೆಯ ಎಕ್ಸ್‌ರೇ ಇದ್ದರೆ ಒಯ್ಯಿರಿ. ಬೇರು ಎಷ್ಟು ಬೆಳೆದಿದೆಯೆಂದು ಹೋಲಿಸಿ ನೋಡಲು ಬೇಕಾಗುತ್ತದೆ.