ಪತ್ರಿಕೆಗೊಂದು ಕೆಲಸ ಇರಲಿ

ತಮ್ಮಾ, ಕನಮಡಿಯಿಂದ ಒಂದು ಸಾಹಿತ್ಯ ಪತ್ರಿಕೆ ತರಲು ಹೊರಟಿದ್ದೀ ಎಂದು ಕೇಳಿ ಖುಷಿಯಾಯಿತು. ಹೆಸರು ಗೊತ್ತುಮಾಡಿದ್ದೇನೆ, ಮುಖಪುಟವೂ ತಯಾರು ಎಂದಿದ್ದೀ. ಅವೆರಡೂ ತಡವಾದರೂ ನಡೆಯುತ್ತಿತ್ತು. ಈ ಪತ್ರಿಕೆ ಬರದೇ ಹೋದರೆ ಯಾರಿಗೆ ಏನು ಕಮ್ಮಿಯಾಗುತ್ತದೆ? ಮೊದಲು ಇದಕ್ಕೆ ಉತ್ತರ ಹುಡುಕು.

ದೂರ ಹೋಗಬೇಡ, ವಿಜಯಪುರದ ಫ.ಗು. ಹಳಕಟ್ಟಿಯವರನ್ನೇ ನೋಡು. ವಕೀಲರು. ಊರೂರು ತಿರುಗಿ ವಚನಗಳ ಹಸ್ತಪ್ರತಿ ಕೂಡಿಹಾಕಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಪ್ರತಿಸಲ ಪರವೂರ ಅಚ್ಚುಕೂಟ ನಂಬಿ ಕೂಡುವುದು ಆಗದೆ, ಇದ್ದ ಮನೆ ಮಾರಿ 1925ರಲ್ಲಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಬಂತು. ಜನ ಮನೆ ಮಾರಿದ ಕಥೆಯನ್ನೇ ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ನೀನು ಅದನ್ನು ಮಾತ್ರ ಅನುಸರಿಸಬೇಡ. ಅಪ್ಪನ ದ್ರಾಕ್ಷಿ ಪಡದ ತಂಟೆಗೆ ಹೋಗಬೇಡ. ಆ ಪತ್ರಿಕೆಗೆ ಒಂದು ಕೆಲಸವಿತ್ತು, ಅದನ್ನು ನೋಡು. ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಓಲೆಗರಿಯ ಕಟ್ಟುಗಳು ಓದುವವರ ಕೈಗೆ ಬರಬೇಕಿತ್ತು. ಸಂಪಾದಕರ ಹೆಸರು ಮೆರೆಸಲು ಹುಟ್ಟಿದ ಪತ್ರಿಕೆಯಾಗಿದ್ದರೆ ಮೂರು ದಶಕ ದಾಟುತ್ತಿರಲಿಲ್ಲ.

ಹಲಸಂಗಿಯ ಗೆಳೆಯರೂ ನಮ್ಮ ಜಿಲ್ಲೆಯವರೇ. ಹಳ್ಳಿಯಲ್ಲೇ ಕೂತು ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. ಕನಮಡಿ ಸಣ್ಣ ಊರು ಎಂಬ ಅಳುಕು ನಿನಗೆ ಬೇಕಿಲ್ಲ.

ನಿನ್ನ ಪತ್ರಿಕೆಯ ಕೆಲಸ ಬಗಲಲ್ಲೇ ಇದೆ. ಗಡಿ ದಾಟಿದರೆ ಮಹಾರಾಷ್ಟ್ರದ ಜತ್ತ ತಾಲೂಕು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಅವರು ಮುಂಬಯಿಯಲ್ಲೇ ಉಳಿದರು. ಅಲ್ಲಿಯ ಹಲವು ಊರುಗಳಲ್ಲಿ ಮಾತು ಇಂದಿಗೂ ಕನ್ನಡ, ಕನ್ನಡ ಶಾಲೆಗಳೂ ಇವೆ. ಅಲ್ಲಿಯ ಮಾಸ್ತರರು ಬರೆದ ಕಥೆ ಬೆಂಗಳೂರಿಗೆ ಮುಟ್ಟುವುದಿಲ್ಲ, ಪುಣೆಗೆ ಬೇಕಾಗಿಲ್ಲ. ಅವರಿಗೆ ಬಾಗಿಲು ತೆಗೆ. ಬೆಂಗಳೂರಿನ ದೊಡ್ಡ ಹೆಸರುಗಳಿಗೆ ಕವಿತೆ ಕಳಿಸಿರೆಂದು ಕಾಗದ ಬರೆಯುತ್ತ ಕೂಡಬೇಡ. ಅವರ ಚೀಲದ ತಳದಲ್ಲಿ ಉಳಿದದ್ದು ನಿನಗೆ ಬರುತ್ತದೆ.

ಬಂದದ್ದನ್ನೆಲ್ಲ ಹಾಕಲೂಬೇಡ. ದ್ರಾಕ್ಷಿ ಪಡಕ್ಕೆ ಚಾಟ್ನಿ ಮಾಡಿ ಬಳ್ಳಿ ಸವರದಿದ್ದರೆ ಏನಾಗುತ್ತದೆ ಎಂದು ನಿನಗೆ ನಾನು ಹೇಳಬೇಕೆ? ಸೋದರಮಾವನ ಹನಿಗವನವನ್ನೂ ತಿರುಗಿ ಕಳಿಸುವ ಧೈರ್ಯ ಬೇಕು. ಹಾಗೆ ಕಳಿಸುವಾಗ ಯಾಕೆ ಎಂದು ಎರಡು ಸಾಲು ಬರೆ. ಹೊಸಬನಿಗೆ ಅಚ್ಚಾದ ಪುಟಕ್ಕಿಂತ ಆ ಎರಡು ಸಾಲು ಹೆಚ್ಚು ಉಪಯೋಗ ಬೀಳಬಹುದು.

ಧಾರವಾಡದಲ್ಲಿ 1964ರಲ್ಲಿ ಚಂದ್ರಶೇಖರ ಪಾಟೀಲ (ಚಂಪಾ), ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಮೂವರೂ ಕೂಡಿ ‘ಸಂಕ್ರಮಣ’ ಆರಂಭಿಸಿದರು. ಮುಂದೆ ಅದನ್ನು ಎಳೆದದ್ದು ಚಂಪಾ ಒಬ್ಬರೇ. ಗೆಳೆಯರು ಕೂಡುತ್ತಾರೆ, ನೌಕರಿ, ಮದುವೆ, ವರ್ಗಾವಣೆ ಎಂದು ಚದುರುತ್ತಾರೆ. ಅದಕ್ಕೆ ಲೆಕ್ಕದ ವಹಿ ಮೊದಲ ದಿನದಿಂದಲೇ ಇರಲಿ. ತಿಂಗಳಿಗೊಂದು ಬೇಡ, ಮೂರು ತಿಂಗಳಿಗೊಂದು ಸಾಕು. ವಿವೇಕ ಶಾನಭಾಗರ ‘ದೇಶಕಾಲ’ ತ್ರೈಮಾಸಿಕವಾಗಿಯೇ 2005ರಿಂದ ಏಳು ವರ್ಷ ಬಂತು, ಕನ್ನಡದ ಓದುಗರು ಇನ್ನೂ ನೆನೆಯುತ್ತಾರೆ. ನೋಂದಣಿಯನ್ನು ಉಡಾಫೆ ಮಾಡಬೇಡ; 1867ರ ಹಳೇ ಕಾಯ್ದೆ ಹೋಗಿ 2024ರ ಮಾರ್ಚ್‌ನಿಂದ ಹೊಸದು ಜಾರಿಯಲ್ಲಿದೆ, ಅರ್ಜಿಯೆಲ್ಲ ಆನ್‌ಲೈನ್.

ಗೌರವ ಪ್ರತಿ ಹಂಚುವ ಚಟಕ್ಕೆ ಬೀಳಬೇಡ. ಪುಕ್ಕಟೆ ಬಂದದ್ದನ್ನು ನಮ್ಮವರು ಓದುವುದು ಕಡಿಮೆ. ನನಗೂ ಕಳಿಸಬೇಡ. ಚಂದಾ ಎಷ್ಟೆಂದು ಹೇಳು, ಮೊದಲ ಹೆಸರು ನನ್ನದೇ ಬರೆದುಕೊ.